ಎಲೆತೋಟದೊಳಗೆ ಚಪ್ಪಲಿ

ಸಾವಿತ್ರವ್ವನ ಎಡಗಾಲಿನಲ್ಲಿ ನಾಲ್ಕೇ ಬೆರಳು. ಕಿರುಬೆರಳನ್ನು ಹೋದ ವರ್ಷ ಶಿರಸಿಯ ಆಸ್ಪತ್ರೆಯಲ್ಲಿ ತೆಗೆದರು. ಸಕ್ಕರೆ ಕಾಯಿಲೆ ಬಂದ ಮೇಲೆ ಅವಳ ಪಾದಗಳಿಗೆ ಬಿಸಿ, ತಂಪು, ನೋವು ಯಾವುದೂ ತಿಳಿಯುವುದಿಲ್ಲ. ವೀಳ್ಯದೆಲೆ ತೋಟದಲ್ಲಿ ಕಡಿದ ಕೊಂಬೆಯ ಮೊನೆ ನಾಟಿ ಬೆರಳೊಳಗೇ ಮುರಿದದ್ದೂ ತಿಳಿದಿರಲಿಲ್ಲ. ಮಗಳು ಸ್ಫೂರ್ತಿ ಕಾಲೇಜಿನಿಂದ ಬಂದವಳು ಪಡಸಾಲೆಯಲ್ಲಿ ಕೆಂಪು ಗುರುತು ನೋಡಿ, "ಅವ್ವಾ, ಇದೇನು ರಕ್ತ?" ಎಂದು ಕೇಳಿದರೆ, ಸಾವಿತ್ರವ್ವ ರೊಟ್ಟಿ ತಟ್ಟುತ್ತಲೇ, "ಬೆಕ್ಕು ಇಲಿ ತಂದಿರಬೇಕು ನೋಡು" ಎಂದಿದ್ದಳು.

ಡಾಕ್ಟರು ಬಿಡಿಸಿ ಹೇಳಿದ್ದರು. ಇನ್ನೊಂದು ಗಾಯವಾದರೆ ಪಾದವೇ ಹೋಗಬಹುದು, ಅಡುಗೆಮನೆಯಲ್ಲಿ ಕೂಡ ಬರಿಗಾಲಲ್ಲಿ ಓಡಾಡಬೇಡ. ಮೆತ್ತನೆಯ ಅಡಿಯ, ಹಿಮ್ಮಡಿಗೆ ಪಟ್ಟಿ ಇರುವ ನೀಲಿ ಚಪ್ಪಲಿ ಕೊಡಿಸಿ ಕಳಿಸಿದ್ದರು.

ಅದನ್ನು ಹಾಕಿಕೊಂಡೇ ಸಾವಿತ್ರವ್ವ ಸಂತೆಗೆ ಹೋದಳು, ಮದುವೆಗೆ ಹೋದಳು, ಒಲೆಯ ಮುಂದೆ ನಿಂತಳು. ಎಲೆತೋಟಕ್ಕೆ ಮಾತ್ರ ಹೋಗುವ ಹಾಗಿರಲಿಲ್ಲ. ಎಕ್ಕಂಬಿಯ ಆಚೆ ಹಳ್ಳದ ಬದಿಗಿರುವ ಆ ಹದಿನೆಂಟು ಗುಂಟೆಗೆ ಮಾವನ ಕಾಲದಿಂದಲೂ ಯಾರೂ ಚಪ್ಪಲಿ ಮೆಟ್ಟಿ ಹೋದವರಲ್ಲ. ಎಲೆಬಳ್ಳಿ ಎಂದರೆ ಲಕ್ಷ್ಮಿ. ಬೇಲಿಯ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋಗಬೇಕು. ಗಂಡ ಮಡಿವಾಳಪ್ಪ ಈ ನೇಮದಲ್ಲಿ ಕಟ್ಟುನಿಟ್ಟು.

ಹೋಳಿ ಮುಗಿದು ಬಳ್ಳಿ ಇಳಿಸುವ ಕಾಲ ಬಂತು. ಹಳ್ಳದಾಚೆಯ ಹೊಂಗೆಗಳು ಒಂದೇ ವಾರದಲ್ಲಿ ಚಿಗುರಿ, ಬಿಸಿಲು ಅವುಗಳೊಳಗಿಂದ ಸೋಸಿ ಬರುತ್ತಿತ್ತು. ಒಂದು ವರ್ಷದಲ್ಲಿ ಚೊಗಚೆ ಮರ ಹಿಡಿದು ಎರಡಾಳೆತ್ತರ ಏರಿದ ಎಲೆಬಳ್ಳಿಯನ್ನು ಈಗ ನಾರು ಬಿಚ್ಚಿ ಕೆಳಗಿಳಿಸಬೇಕು. ಎಲೆ ಕೊಯ್ದು ಬೋಳಾದ ಭಾಗವನ್ನು ಬುಡದಲ್ಲಿ ಸುರುಳಿ ಸುತ್ತಿ, ಹೊಸ ಮಣ್ಣು ಮುಚ್ಚಿ, ಕುಡಿಯನ್ನಷ್ಟೇ ಮತ್ತೆ ಮರಕ್ಕೆ ಕಟ್ಟಬೇಕು. ಮಣ್ಣೊಳಗಿನ ಗೆಣ್ಣುಗಳಲ್ಲಿ ಬೇರೊಡೆದು ಮುದಿ ಬಳ್ಳಿ ಹರೆಯಕ್ಕೆ ಬರುತ್ತದೆ. ಸುತ್ತುವಾಗ ಗೆಣ್ಣು ಮುರಿದರೆ ಮುಗಿಯಿತು, ಆ ಬಳ್ಳಿ ಒಣಗುತ್ತದೆ. ಇಪ್ಪತ್ತೆಂಟು ವರ್ಷಗಳಿಂದ ಸುರುಳಿ ಸುತ್ತುವುದು ಸಾವಿತ್ರವ್ವನ ಕೈ. ಕೂಲಿಗೆ ಬರುವ ಗಂಗೆ ನಾರು ಕಟ್ಟುತ್ತಾಳೆ. ಮಡಿವಾಳಪ್ಪ ಮಣ್ಣು ಹೊರುತ್ತಾನೆ, ನೀರು ಬಿಡುತ್ತಾನೆ.

ಮೊದಲ ದಿನ ಸಾವಿತ್ರವ್ವ ಹಳೆಯ ಸೀರೆ ಹರಿದು ಪಾದಗಳಿಗೆ ಸುತ್ತಿಕೊಂಡು ಹೋದಳು. ಬಟ್ಟೆ ಕೆಸರು ಕುಡಿದು ಸಂಜೆಯವರೆಗೂ ಒದ್ದೆಯಾಗಿಯೇ ಇತ್ತು. ಸ್ಫೂರ್ತಿ ಬಿಚ್ಚಿ ನೋಡಿದರೆ, ಪಾದ ನೆನೆಹಾಕಿದ ಅವಲಕ್ಕಿಯ ಹಾಗೆ ಬೆಳ್ಳಗೆ ಉಬ್ಬಿತ್ತು.

"ಅಪ್ಪಾ, ಅವ್ವಗ ಚಪ್ಪಲಿ ಹಾಕ್ಕೊಳ್ಳಾಕ ಬಿಡ್ರಿ" ಎಂದಳು ಅವಳು.

"ಎಲಿತೋಟಕ್ಕ? ಕಾಲೇಜಿನ್ಯಾಗ ಇದನ್ನ ಕಲಿಸ್ತಾರೇನು?"

"ಕಾಲು ಹೋದ್ರ ಏನು ಮಾಡ್ತೀರಿ?"

"ಹಂಗೆಲ್ಲ ಹೋಗಾಂಗಿಲ್ಲ. ಇಷ್ಟು ವರ್ಷ ಆಕಿ ಸೇವಾ ಮಾಡ್ಯಾಳ. ಲಕ್ಷ್ಮಿತಾಯಿ ಕಾಯ್ತಾಳ."

"ಬೆರಳು ಹೋಗುವಾಗ ನಿಮ್ಮ ತಾಯಿ ಯಾವೂರಿಗೆ ಹೋಗಿದ್ಲು?" ಎಂದು ಸಾವಿತ್ರವ್ವ ಒಳಗಿನಿಂದ ಕೇಳಿದಳು.

ಮಡಿವಾಳಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿ, ದನಕ್ಕೆ ಹುಲ್ಲು ಹಾಕಲು ಎದ್ದು ಹೋದ.

ಮೂರನೆಯ ದಿನ ಗೊಬ್ಬರ ಕಂಪನಿಯ ರವೀಂದ್ರ ಎನ್ನುವವನು ಬೈಕಿನಲ್ಲಿ ಬಂದ. ತೋಟದಲ್ಲಿ ತಮ್ಮ ಹೊಸ ಔಷಧ ಹೊಡೆದು ಬೋರ್ಡು ಹಾಕುವ ಮಾತಿತ್ತು. ಮಡಿವಾಳಪ್ಪ ಬಾಗಿಲಿಗೇ ಹೋಗಿ ಕರೆತಂದ. ಎರಡು ಮರಗಳ ನಡುವೆ ಮಂಡಿಯೂರಿದ್ದ ಸಾವಿತ್ರವ್ವ ತಲೆ ಎತ್ತಲಿಲ್ಲ. ಅವಳಿಗೆ ಕಂಡದ್ದು ಕರಿ ಬೂಟುಗಳು. ಅವು ಒಂದು ಸಾಲು ದಾಟಿ, ಇನ್ನೊಂದು ಸಾಲು ದಾಟಿ, ಅವಳು ಬೆಳಿಗ್ಗೆಯಷ್ಟೇ ಮಣ್ಣು ಮುಚ್ಚಿ ಅಂಗೈಯಿಂದ ಸವರಿದ ಬುಡದ ಮೇಲೆ ನಿಂತವು.

"ಅಲ್ಲೇ ನಿಂದರ್ರಿ ಸರ" ಎಂದ ಮಡಿವಾಳಪ್ಪ. ಸಾವಿತ್ರವ್ವ ಉಸಿರು ಬಿಟ್ಟಳು. ಇನ್ನೇನು ಬೂಟು ಬಿಚ್ಚಲು ಹೇಳುತ್ತಾನೆ ಎಂದುಕೊಂಡಳು. ಅವನೆಂದ, "ಮುಂದ ಕೆಸರೈತಿ. ನಿಮ್ಮ ಬೂಟು ಹೊಲಸಾಗತಾವ."

ಬೈಕಿನ ಸದ್ದು ದೂರವಾಗುವವರೆಗೂ ಅವಳು ಕೈಯಲ್ಲಿದ್ದ ಬಳ್ಳಿಯನ್ನು ಬಿಡಲಿಲ್ಲ. ಸುರುಳಿ ಮುಗಿಸಿ, ಮಣ್ಣು ಮುಚ್ಚಿ, ಎದ್ದಳು.

"ಸಾಹೇಬ್ರ ಬೂಟಿಗೆ ಲಕ್ಷ್ಮಿ ಸಿಟ್ಟಾಗಲಿಲ್ಲೇನ್ರಿ?"

"ಅವ್ರು ಹೊರಗಿನವ್ರು. ಬೂಟು ಬಿಚ್ಚರಿ ಅಂತ ಹೆಂಗ ಹೇಳಾದು?"

"ನನಗ ಹೇಳಾಕ ಬರತೈತಲ್ಲ?"

"ನೀ ಮನೀಯಾಕಿ."

"ಹೌದ್ರಿ. ಮನೀಯಾಕಿ ಕಾಲು ಪುಕ್ಕಟೆ."

ಅಷ್ಟು ಹೇಳಿ ಮನೆಗೆ ಹೋದಳು. ಪಾದಕ್ಕೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ, ಕಾಲು ತೊಳೆದು ಒರೆಸಿ, ನೀಲಿ ಚಪ್ಪಲಿ ಹಾಕಿ, ಹಿಮ್ಮಡಿಯ ಪಟ್ಟಿ ಬಿಗಿದು ವಾಪಸು ಬಂದಳು. ಮಡಿವಾಳಪ್ಪ ಬೇಲಿಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಸಾವಿತ್ರಿ, ಬ್ಯಾಡ."

"ಹಂಗಾರ ನೀವ ಸುತ್ತರಿ. ನಾ ಇಲ್ಲೇ ಕುಂದರ್ತೀನಿ."

ಅವನು ಹಟಕ್ಕೆ ಹೋಗಿ ಒಂದು ಬಳ್ಳಿ ಇಳಿಸಿದ. ಎರಡನೆಯ ಸುತ್ತಿಗೇ ಗೆಣ್ಣು ಟಪ್ಪೆಂದಿತು. ಇನ್ನೊಂದನ್ನು ಇಳಿಸಿದ. ಅದು ಮೊದಲನೆಯ ಸುತ್ತಿಗೇ ಹೋಯಿತು. ನಾರಿನ ಕಂತೆ ಹಿಡಿದು ನಿಂತಿದ್ದ ಗಂಗೆ ಮುಖ ತಿರುಗಿಸಿಕೊಂಡಳು. ಅವಳ ಬೆನ್ನು ನಗೆಗೆ ಅಲುಗುತ್ತಿತ್ತು. ಮೂರನೆಯ ಬಳ್ಳಿಗೆ ಅವನು ಕೈ ಹಾಕಲಿಲ್ಲ. ಹೊರಗೆ ಬಂದು, ಹೆಂಡತಿಯನ್ನು ನೋಡದೆ ಕೊಟ್ಟಿಗೆಯ ಕಡೆ ನಡೆದ.

ಸಾವಿತ್ರವ್ವ ಒಳಗೆ ಹೋದಳು. ಇಪ್ಪತ್ತೆಂಟು ವರ್ಷ ಬರಿಗಾಲಲ್ಲಿ ತುಳಿದ ನೆಲ. ಅವಳೂ ಈ ಬಳ್ಳಿಗಳಿಗೆ ಕೈಮುಗಿದೇ ಕೆಲಸ ಶುರು ಮಾಡುವವಳು. ಬಳ್ಳಿಗಳು ಗಾಳಿಗೆ ಎಂದಿನಂತೆ ಅಲುಗುತ್ತಿದ್ದವು. ಅವಳು ಕೂತು ಸುತ್ತತೊಡಗಿದಳು.

ಸ್ವಲ್ಪ ಹೊತ್ತಿಗೆ ಮಡಿವಾಳಪ್ಪ ತಂಬಿಗೆಯಲ್ಲಿ ಗೋಮೂತ್ರ ತಂದು, ಅವಳ ಹೆಜ್ಜೆ ಬಿದ್ದಲ್ಲೆಲ್ಲ ಮಾವಿನೆಲೆಯಿಂದ ಚಿಮುಕಿಸುತ್ತಾ ಬಂದ. ಪಕ್ಕದ ಸಾಲಿನಲ್ಲಿ ಬೂಟಿನ ಗುರುತುಗಳು ಹಸಿಯಾಗಿಯೇ ಇದ್ದವು. ಅವುಗಳ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಬುಡಕ್ಕ ಹಾಕ್ರಿ" ಎಂದಳು ಸಾವಿತ್ರವ್ವ. "ಬಳ್ಳಿಗಾದ್ರೂ ಗೊಬ್ಬರ ಆಗ್ಲಿ."

ಗಂಗೆ ಈ ಸಲ ಗಟ್ಟಿಯಾಗಿಯೇ ನಕ್ಕುಬಿಟ್ಟಳು.

ಮರುದಿನ ಬೆಳಿಗ್ಗೆ ಸಾವಿತ್ರವ್ವ ಬರುವಷ್ಟರಲ್ಲಿ ಗಂಗೆ ಬೇಲಿಯ ಹೊರಗೆ ನಿಂತಿದ್ದಳು. ದಿನವೂ ಅಲ್ಲೇ ಬಿಟ್ಟು ಹೋಗುತ್ತಿದ್ದ ಹವಾಯಿ ಚಪ್ಪಲಿಗಳು ಅವಳ ಕೈಯಲ್ಲಿದ್ದವು.

"ಅಕ್ಕಾರ, ನಾನೂ ಹಾಕ್ಕೊಂಡು ಬರ್ಲೇನ್ರಿ?"

ಸಾವಿತ್ರವ್ವ ಅವಳ ಕಾಲು ನೋಡಿದಳು. ಹಿಮ್ಮಡಿ ಸೀಳಿ, ಸೀಳಿನೊಳಗೆ ಮಣ್ಣು ಕೂತಿತ್ತು. ಹೆಬ್ಬೆರಳ ಪಕ್ಕ ಮುಳ್ಳು ತೆಗೆದ ಕರಿ ಕಲೆ, ಅದರ ಪಕ್ಕ ಇನ್ನೊಂದು. ಹನ್ನೊಂದು ವರ್ಷಗಳಿಂದ ಅವಳು ತನ್ನ ಹಿಂದೆಯೇ ಸಾಲು ಹಿಡಿದು ಬರುತ್ತಿದ್ದಳು.

"ಮೊದಲ ಯಾಕ ಕೇಳಲಿಲ್ಲ ನೀ?"

"ಕೇಳಿದ್ರ ಮರುದಿನ ಕೆಲಸಕ್ಕ ಕರೀತಿದ್ರೇನ್ರಿ?"

ದೂರದಿಂದ ಮಡಿವಾಳಪ್ಪ ಏನೋ ಕೂಗಿದ. ಸಾವಿತ್ರವ್ವ ಅತ್ತ ತಿರುಗಲಿಲ್ಲ. ಬಾಗಿಲ ಸರಪಳಿ ಕಳಚಿ, ಗಂಗೆ ಬಗ್ಗಿ ಚಪ್ಪಲಿ ಹಾಕಿಕೊಂಡು ಒಳಗೆ ಬರುವವರೆಗೆ, ಆ ಬಾಗಿಲನ್ನು ತಾನೇ ಹಿಡಿದು ನಿಂತಳು.