ಬಚ್ಚಲ ಹಿಂದಿನ ಜರೀಗಿಡ

ನಾನು ಕತಗಾಲದ ಕಡೆ ಹೊಳೆಯಲ್ಲಿ ದೋಣಿ ದಾಟಿಸುವವರ ಮನೆಯ ಹುಡುಗಿ. ಎಪ್ಪತ್ತರ ದಶಕದ ಕೊನೆಗೆ ಮದುವೆಯಾಗಿ ಹೊನ್ನಾವರದ ಮೀನುಗಾರರ ಮನೆಗೆ ಬಂದೆ. ಸ್ವಲ್ಪ ಕಾಲಕ್ಕೇ ಅಮ್ಮ ತೀರಿಕೊಂಡಳು. ಕಾರ್ಯ ಮುಗಿಸಿ ಹೊರಡುವಾಗ, ಅವಳು ಬಟ್ಟೆ ಒಗೆಯುತ್ತಿದ್ದ ಹಳ್ಳದ ಕಲ್ಲಿನ ಸಂದಿಯಿಂದ ಒಂದು ಜರೀಗಿಡ ಕಿತ್ತು ತಂದೆ. ಬೇಸಿಗೆಯಲ್ಲೂ ಹಸಿರಾಗಿರುವ ಜಾತಿ. ತವರಿನಿಂದ ನನಗೆಂದು ತಂದದ್ದು ಅದೊಂದೇ.

ಗಂಡನ ಮನೆಯ ಹಿತ್ತಿಲು ಬರೀ ಮರಳು, ಬಿಸಿಲು. ಬಚ್ಚಲ ಹಿಂದೆ ಮಾತ್ರ ಹಲಸಿನ ಮರದ ನೆರಳು. ಅಲ್ಲಿ ಚಿರೆಕಲ್ಲಿನ ಚೂರು, ಕೊಳೆತ ಸೊಪ್ಪು ಸೇರಿಸಿ ನೆಟ್ಟೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ನೋಡಿದರು.

“ಹೂವಿಲ್ಲ, ಕಾಯಿಲ್ಲ. ಇದೆಂತಕ್ಕೆ ಹುಡ್ಗಿ?”

“ನೋಡೂಕೆ,” ಅಂದೆ.

“ಆತು, ನೋಡ್ತಾ ಕೂತ್ಕೋ!”

ಮಳೆಗಾಲದಲ್ಲಿ ಗಿಡ ಚೆನ್ನಾಗಿ ಹಬ್ಬಿತು. ಎಲೆಯಡಿ ಸಾಲುಸಾಲಾಗಿ ಕಂದು ಚುಕ್ಕೆ ಮೂಡಿದವು. ಹೊಸ ಗಿಡ ಹುಟ್ಟುವುದು ಆ ಚುಕ್ಕೆಗಳಿಂದ ಉದುರುವ ಹುಡಿಯಿಂದಲೇ. ಅತ್ತೆ ಅದನ್ನು ಕಜ್ಜಿ ಅಂದುಕೊಂಡರು. ಪಾಪ, ಔಷಧವನ್ನೂ ಮಾಡಿದರು: ಒಣಮೀನು ತೊಳೆದ ನೀರು. ನಮ್ಮ ಕೇರಿಯ ತೆಂಗೆಲ್ಲ ಆ ಉಪ್ಪುನೀರಿನಲ್ಲೇ ಬೆಳೆದದ್ದು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು. ಗಿಡ ಸುಟ್ಟು ಕಪ್ಪಾಯಿತು.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. “ನಮ್ಮಮ್ಮ ಬಟ್ಟೆ ಒಗೀತಿದ್ದ ಕಲ್ಲಿಂದ ತಂದದ್ದು! ಅವಳದು ಅಂತ ಇದ್ದದ್ದು ಅದೊಂದೇ, ಅದನ್ನೂ ಕೊಂದ್ರಿ!” ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದೆ. ಮೀನು ಪೇಟೆಯಲ್ಲಿ ಯಾರಿಗೂ ಬಾಯಲ್ಲಿ ಸೋಲದ ಅತ್ತೆ ಒಳಗೆ ಹೋಗಿಬಿಟ್ಟರು.

ಮುಂದಿನ ವಾರ ಅವರು ಒಣಮೀನು ಮಾರಲು ಕತಗಾಲದ ಕಡೆ ಹೋದರು. ಸಂಜೆ ಬಂದಾಗ ಖಾಲಿ ಬುಟ್ಟಿ ಕಂಕುಳಲ್ಲಿತ್ತು, ಇನ್ನೊಂದು ಕೈಯಲ್ಲಿ ಒದ್ದೆ ಟವೆಲಿನ ಗಂಟು. ಬುಟ್ಟಿಗೆ ಹಾಕಿದರೆ ಉಪ್ಪು ತಾಗೀತೆಂದು, ಕುಮಟೆಯಲ್ಲಿ ಬಸ್ಸು ಬದಲಿಸಿ, ಜರೀಗಿಡವನ್ನು ಮಡಿಲಲ್ಲೇ ಇಟ್ಟುಕೊಂಡು ತಂದಿದ್ದರು. ಸೀರೆಯೆಲ್ಲ ಕೆಸರು.

“ನಿನ್ನಮ್ಮ ಒಗೀತಿದ್ದ ಕಲ್ಲು ಯಾವ್ದು ಅಂತ ಕೇಳ್ಕಂಡು ಕೇಳ್ಕಂಡು ಹೋದೆ.”

“ಯಾವ ಹಳ್ಳದ್ದು ತಂದಿದ್ರೂ ಆಗ್ತಿತ್ತಲ್ಲ ಅತ್ತೆ, ನಂಗೆಲ್ಲಿ ಗೊತ್ತಾಗ್ತಿತ್ತು?”

“ನಿಂಗೆ ಗೊತ್ತಾಗ್ತಿರ್ಲಿಲ್ಲ. ನಂಗೆ ಗೊತ್ತಿರ್ತಿತ್ತಲ್ಲ!” ಎಂದು ಗಿಡವನ್ನು ನನ್ನ ಕೈಗಿಟ್ಟರು. “ನೀನೇ ನೆಡು ಮಾರಾಯ್ತಿ. ನಾ ಆ ಬದಿಗೆ ಬರೂದಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈಹಿಡಿದು ಬಚ್ಚಲ ಹಿಂದಕ್ಕೆ ಎಳೆದುಕೊಂಡು ಹೋದೆ. ಗಿಡ ನೆಟ್ಟು, ಮೊದಲ ಚೊಂಬು ಬಾವಿನೀರನ್ನು ಅವರಿಂದಲೇ ಹಾಕಿಸಿದೆ.