ಮುಂದಿನೆರಡು ಹಲ್ಲುಗಳ ಸಂದಿ

ಆ ದಿನ ಬೆಳಿಗ್ಗೆ ಒಂಬತ್ತಕ್ಕೇ ಹಲ್ಲಕ್ಕನ ಪಿತ್ತ ನೆತ್ತಿಗೇರಿತ್ತು. ಕಾರಣ, ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದ್ದ ಒಂದು ಕಾಗದ. ಹಲ್ಲಿನ ಡಾಕ್ಟರು ತಾವೇ ಕೂತು ಟೈಪು ಮಾಡಿಸಿದ್ದರು. ಇವತ್ತು ದೊಡ್ಡ ನಟರು ಬರುತ್ತಾರೆ, ಸಿಬ್ಬಂದಿ ಹೇಗೆ ನಡೆದುಕೊಳ್ಳಬೇಕು ಎಂದು. ದಿಟ್ಟಿಸಿ ನೋಡಬಾರದು. ಫೋಟೋ ಕೇಳಬಾರದು. ‘ನಾನು ನಿಮ್ಮ ಅಭಿಮಾನಿ’ ಅನ್ನಬಾರದು. ಸಿನಿಮಾದ ಮಾತು ಎತ್ತಲೇಬಾರದು. ಕೊನೆಗೆ ಕೆಂಪು ಗೆರೆ ಎಳೆದು, ಹಿಂದಿನ ರೂಮಿನವರು ಮುಂದೆ ಬರತಕ್ಕದ್ದಲ್ಲ.

ಹಿಂದಿನ ರೂಮಿನಲ್ಲಿ ಇದ್ದದ್ದು ಅವಳೊಬ್ಬಳೇ.

“ನನ್ನ ಹೆಸರನ್ನೇ ಬರೀಬಹುದಿತ್ತಲ್ಲ ನಿಮ್ಮ ಡಾಕ್ಟ್ರು! ಯಾಕೆ, ಕೈ ನಡುಗ್ತಾ?” ಎಂದು ಅವಳು ಕೌಂಟರಿನವಳ ಮೇಲೆ ಹರಿಹಾಯ್ದಳು.

“ಅಯ್ಯೋ ನನ್ನ ಮೇಲ್ಯಾಕಕ್ಕಾ ರೇಗ್ತೀಯ? ನಾನು ಗೋಂದು ಹಚ್ಚಿದ್ದು ಅಷ್ಟೇ” ಎಂದಳು ಕೌಂಟರಿನವಳು.

ಅಲ್ಲ, ನೀವೇ ಹೇಳಿ, ಸಿಟ್ಟು ಬರುವುದಿಲ್ಲವೇ? ಹತ್ತೊಂಬತ್ತನೇ ವಯಸ್ಸಿಗೆ ಪ್ಲಾಸ್ಟರ್ ಬಟ್ಟಲು ತೊಳೆಯಲು ಸೇರಿದವಳು ಅವಳು. ಆಗ ಇದ್ದದ್ದು ಈ ಡಾಕ್ಟರ ಅಪ್ಪ, ದೊಡ್ಡ ಡಾಕ್ಟರು. ಹುಡುಗಿಯ ಕೈ ನೆಟ್ಟಗಿದೆ ಎಂದು ನೋಡಿ, ಅಚ್ಚು ಎರೆಯುವುದನ್ನು, ಮೇಣದ ಮೇಲೆ ಹಲ್ಲು ಜೋಡಿಸುವುದನ್ನು, ಬೇಯಿಸುವುದನ್ನು, ಉಜ್ಜಿ ಹೊಳಪು ಕೊಡುವುದನ್ನು ಒಂದೊಂದಾಗಿ ಕಲಿಸಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಊರಿನ ಅರ್ಧ ಮುದುಕರಿಗೆ ಅವಳು ಹಲ್ಲು ಕೊಟ್ಟಿದ್ದಾಳೆ. ಒಬ್ಬರ ಮುಖವನ್ನೂ ಕ್ಲಿನಿಕ್ಕಿನಲ್ಲಿ ನೋಡಿದವಳಲ್ಲ. ಮುಂದಿನಿಂದ ಬಾಯಿಯ ಅಚ್ಚು ಬರುತ್ತದೆ, ಒಂದು ಚೀಟಿ ಬರುತ್ತದೆ, ಹಿಂದಿನಿಂದ ಹಲ್ಲಿನ ಸೆಟ್ಟು ಹೋಗುತ್ತದೆ. ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದಾಗ, ಓ, ಇದು ನಂದೇ ಕೆಲಸ, ಎಂದು ಅವಳು ತನ್ನಷ್ಟಕ್ಕೆ ತಾನೇ ಖುಷಿಪಡುವುದುಂಟು. ಕೆಲವರು ಇದೇನಮ್ಮ ಈಕೆ ಹೀಗೆ ಬಾಯಿ ನೋಡುತ್ತಾಳೆ ಎಂದು ಸೀಟು ಬದಲಾಯಿಸಿದ್ದೂ ಉಂಟು.

ಇನ್ನು ಆ ನಟರು. ಹಲ್ಲಕ್ಕನಿಗೆ ಹದಿನೇಳು ತುಂಬಿದ ವರ್ಷ ಅವರ ಒಂದು ಸಿನಿಮಾವನ್ನು ಹನ್ನೊಂದು ಸಲ ನೋಡಿದ್ದಳು. ರೈಲು ಹೊರಡುತ್ತದೆ, ಬಾಗಿಲಲ್ಲಿ ನಿಂತವರು ಒಮ್ಮೆ ತಿರುಗಿ ನಗುತ್ತಾರೆ. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ. ಅಷ್ಟೇ. ಆ ಸಂದಿ ನೋಡಿ ಇಡೀ ಟಾಕೀಸು ಸಿಳ್ಳೆ ಹೊಡೆಯುತ್ತಿತ್ತು. ಅವರ ‘ಸ’ಕಾರದಲ್ಲಿ ಸಣ್ಣ ಗಾಳಿ ತೂರಿಬರುತ್ತಿತ್ತು, ಅದನ್ನು ಮಿಮಿಕ್ರಿಯವರೆಲ್ಲ ಅನುಕರಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹಲ್ಲಕ್ಕ ಗಂಡನಿಗೆ ಹೇಳಿದ್ದಳು, ನಿಮ್ಮ ಹಲ್ಲೂ ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು. ಲಿಫ್ಟು ರಿಪೇರಿ ಮಾಡುವ ಆ ಬಡಪಾಯಿ, “ಸ್ಕ್ರೂಡ್ರೈವರ್ ಇದೆ, ಬೇಕಾದ್ರೆ ಸಂದಿ ಮಾಡ್ಕೊಡ್ತೀನಿ” ಎಂದಿದ್ದ.

ಅಂಥವರ ಬಾಯಿಯ ಅಚ್ಚು ಹೋದ ತಿಂಗಳು ಅವಳ ಮೇಜಿನ ಮೇಲೆ ಬಂದು ಕೂತಿತ್ತು. ಒಂದೂ ಹಲ್ಲಿಲ್ಲದ ಬೋಳು ವಸಡು. ನೋಡಿ ಅವಳಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಚೀಟಿ ಓದಿದಳು. ಡಾಕ್ಟರ ಕೈಬರಹದಲ್ಲಿ, ‘ಮುಂದಿನ ಹಲ್ಲು ಸಮ. ಸಂದಿ ಬೇಡ.’

ಅವಳ ಮೈ ಉರಿದುಹೋಯಿತು. ಈ ಡಾಕ್ಟರ ಬುದ್ಧಿ ಅವಳಿಗೆ ಗೊತ್ತಿಲ್ಲದ್ದೇ? ಎಪ್ಪತ್ತರ ಅಜ್ಜಿಗೂ ಇಪ್ಪತ್ತರ ಹುಡುಗಿಗೂ ಅದೇ ಬಿಳಿ, ಅದೇ ಅಳತೆ. ಅಪ್ಪ ಬಾಯಿ ನೋಡಿ ಹಲ್ಲು ಆರಿಸುತ್ತಿದ್ದರು, ಮಗ ಕ್ಯಾಟಲಾಗು ನೋಡಿ ಆರಿಸುತ್ತಾನೆ. ಆದರೂ ಬಾಯಿ ಮುಚ್ಚಿಕೊಂಡು ಹೇಳಿದಂತೆಯೇ ಮೇಣದ ಮೇಲೆ ಹಲ್ಲು ಜೋಡಿಸಿ ಕೊಟ್ಟಳು. ಡಾಕ್ಟರು ಅದನ್ನು ನಟರ ಮನೆಗೇ ಒಯ್ದು, ಅವರ ಬಾಯಿಗಿಟ್ಟು ನೋಡಿ, ಸರಿಯಾಗಿದೆ ಎಂದು ವಾಪಸು ತಂದರು.

ಹಲ್ಲು ಮಾಡುವವರಲ್ಲಿ ಒಂದು ಕಟ್ಟುನಿಟ್ಟು ಇದೆ. ಬಾಯಿಗಿಟ್ಟು ನೋಡಿ ಒಪ್ಪಿದ ಮೇಲೆ ಆ ಮೇಣವನ್ನು ಯಾರೂ ಮುಟ್ಟಕೂಡದು. ಹೇಗಿದೆಯೋ ಹಾಗೇ ಬೇಯಿಸಬೇಕು. ಬೆಂದ ಮೇಲೆ ಮೇಣದ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ಕು, ಹಲ್ಲು ಮತ್ತೆ ಅಲುಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಹಲ್ಲಕ್ಕ ಈ ಮಾತು ಮೀರಿರಲಿಲ್ಲ. ಮೊನ್ನೆ ಮಧ್ಯಾಹ್ನ, ಊಟಕ್ಕೆ ಎಲ್ಲರೂ ಹೋದಾಗ, ಮೀರಿದಳು. ಚಾಕು ಬಿಸಿ ಮಾಡಿ, ಮೇಣ ಕರಗಿಸಿ, ಮುಂದಿನ ಹಲ್ಲುಗಳನ್ನು ಒಂದು ಕೂದಲಿನಷ್ಟು, ಇನ್ನೊಂದು ಕೂದಲಿನಷ್ಟು ಸರಿಸಿದಳು. ಫೋಟೋ ನೋಡುವ ಅಗತ್ಯವೂ ಅವಳಿಗಿರಲಿಲ್ಲ. ಸಂದಿ ಸರಿಯಾಗಿ ಬಂತು. ಡಾಕ್ಟರ ಮೇಲಿನ ಸಿಟ್ಟಿಗೆ ಮಾಡಿದೆನೋ ನಟರ ಮೇಲಿನ ಪ್ರೀತಿಗೆ ಮಾಡಿದೆನೋ ಎಂದು ಅವಳು ಯೋಚಿಸಲೂ ಹೋಗಲಿಲ್ಲ. ಬೇಯಿಸಿಬಿಟ್ಟಳು. ಇವತ್ತು ಬೆಳಿಗ್ಗೆ ಸೆಟ್ಟನ್ನು ನೀರಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಮುಂದಕ್ಕೆ ಕಳಿಸಿದಳು.

ನಟರು ಹನ್ನೆರಡಕ್ಕೆ ಬಂದರು. ಸಂಜೆ ಆರಕ್ಕೆ ಅವರಿಗೆ ಸನ್ಮಾನ, ಟೀವಿಯಲ್ಲೂ ತೋರಿಸುತ್ತಾರೆ. ಹಲ್ಲು ಕೀಳಿಸಿದ ಮೇಲೆ ನಾಲ್ಕು ತಿಂಗಳು ಮನೆಯಿಂದ ಹೊರಬೀಳದವರು ಇವತ್ತು ಮೊದಲ ಸಲ ವೇದಿಕೆ ಹತ್ತಿ ಮಾತಾಡಬೇಕಿತ್ತು. ಹಲ್ಲಿಲ್ಲದೆ ಬರುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ಹಾಗಾಗಿ ಆರು ಗಂಟೆಯ ಸಭೆ ನಡೆಯುವುದೂ ಬಿಡುವುದೂ ಆ ಡಬ್ಬಿಯ ಮೇಲೆ ನಿಂತಿತ್ತು.

ಹಿಂದಿನ ರೂಮಿನ ಬಾಗಿಲ ಸಂದಿನಿಂದ ಹಲ್ಲಕ್ಕ ನೋಡುತ್ತಾಳೆ, ಕಾಗದ ಬರೆಸಿದ ಡಾಕ್ಟರೇ ಕೈ ಹೊಸೆಯುತ್ತ, “ಸಾರ್, ರೈಲಿನ ಸೀನು ಸಾರ್, ನಮ್ಮಪ್ಪ ಸಾಯೋವರೆಗೂ ಅದನ್ನೇ ಹೇಳೋರು” ಅನ್ನುತ್ತಿದ್ದಾರೆ! ಅವರ ಹೆಂಡತಿ, ಹೆಂಡತಿಯ ಅಕ್ಕ, ಅಕ್ಕನ ಗಂಡ ಎಲ್ಲರೂ ಹಲ್ಲು ನೋವಿನವರ ಹಾಗೆ ಬಂದು ಬೆಂಚಿನ ಮೇಲೆ ಕೂತಿದ್ದಾರೆ, ಎಲ್ಲರ ಕೈಯಲ್ಲೂ ಫೋನು. ಥೂ, ಇವರ ಮಾನಕ್ಕಿಷ್ಟು ಎಂದುಕೊಂಡಳು.

ಡಬ್ಬಿ ತೆರೆದರು. ಸೆಟ್ಟು ಬಾಯಿಗೆ ಹೋಯಿತು. ಬೆಂಚಿನಿಂದ ಒಮ್ಮೆಗೇ ಚಪ್ಪಾಳೆ. “ಅಯ್ಯೋ ಅದೇ ನಗು!” ಎಂದು ಡಾಕ್ಟರ ಹೆಂಡತಿ ಕೂಗಿದರು. ಹಲ್ಲಕ್ಕನ ಎದೆ ಉಬ್ಬಿತು.

ನಟರು ಕನ್ನಡಿ ತೆಗೆದುಕೊಂಡರು. ನೋಡಿದರು. ಕನ್ನಡಿಯನ್ನು ತಟ್ಟೆಯ ಮೇಲೆ ಕುಕ್ಕಿದ ರಭಸಕ್ಕೆ ಅದರ ಹಿಡಿ ಮುರಿಯಿತು.

“ಯಾವನ್ರೀ ಇದನ್ನ ಮಾಡಿದ್ದು?”

ಡಾಕ್ಟರು ಬೆವರಿದರು. ಚೀಟಿ ಹುಡುಕಿದರು, ತೋರಿಸಿದರು, ತೊದಲಿದರು. ಕೊನೆಗೆ ಬೆರಳು ಹಿಂದಿನ ರೂಮಿನ ಕಡೆ ಹೋಯಿತು. ನಟರು ಎದ್ದವರೇ ಯಾರ ಅಪ್ಪಣೆಗೂ ಕಾಯದೆ ನೇರ ಒಳಗೆ ಬಂದು ಬಾಗಿಲು ಹಾಕಿಕೊಂಡರು.

ಇಷ್ಟು ಹತ್ತಿರ! ಹಲ್ಲಕ್ಕನಿಗೆ, ಎಷ್ಟು ಕುಳ್ಳಗಿದ್ದಾರೆ ಇವರು ಎಂಬ ಒಂದು ಯೋಚನೆ ಮಾತ್ರ ಬಂದುಹೋಯಿತು.

“ನೀವೇನಾ?”

“ಹೂಂ ಸಾರ್.”

“ಸಮ ಇರ್ಲಿ ಅಂತ ಹೇಳಿದ್ದೆ. ಸಂದಿ ಬೇಡ ಅಂತ ಮೂರು ಸಲ ಹೇಳಿದ್ದೆ.”

“ನೀವು ಹೇಳಿದ್ರಾ? ಡಾಕ್ಟ್ರು ಅಂತ ಅಂದ್ಕೊಂಡೆ...” ಹಲ್ಲಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಅವಳ ನಾಲಿಗೆ ಕಚ್ಚಿದರೆ ನಿಲ್ಲುವಂಥದ್ದಲ್ಲ. “ನೀವ್ಯಾಕ್ ಸಾರ್ ಹಾಗೆ ಹೇಳಿದ್ರಿ? ಆ ಸಂದಿಯಿಂದಲ್ವಾ ನೀವು ನೀವಾಗಿದ್ದು? ಅದರಿಂದಲ್ವಾ ಅನ್ನ ತಿಂದಿದ್ದು? ಹದಿನೇಳನೇ ವಯಸ್ಸಿಂದ ಅದನ್ನೇ ನೋಡ್ಕೊಂಡು ಬಂದಿದ್ದೀನಿ ನಾನು. ನಿಮಗೇನ್ ಗೊತ್ತು!”

“ನಾನು ನೋಡಿ ಅಂತ ಕೇಳಿದ್ನಾ?”

ನಟರು ಪ್ಲಾಸ್ಟರ್ ಮೆತ್ತಿದ ಸ್ಟೂಲನ್ನು ಎಳೆದುಕೊಂಡು, ಒಳ್ಳೆಯ ಬಟ್ಟೆಯ ಪರಿವೆಯೂ ಇಲ್ಲದೆ ಕೂತುಬಿಟ್ಟರು.

“ಸ್ಕೂಲಲ್ಲಿ ನನ್ನ ಕಿಟಕಿ ಅಂತ ಕರೀತಿದ್ರು. ಮೇಷ್ಟ್ರೂ ಕರೀತಿದ್ರು. ಬಾಯಿ ಮುಚ್ಕೊಂಡೇ ನಗೋದು ಕಲ್ತಿದ್ದೆ. ಮೊದಲನೇ ಸಿನಿಮಾ ಆದ್ಮೇಲೆ ಹಲ್ಲು ಸರಿ ಮಾಡಿಸ್ಕೊಳ್ತೀನಿ ಅಂದೆ. ನಿರ್ಮಾಪಕ ಕರಾರಿನಲ್ಲೇ ಬರೆಸ್ದ, ಹಲ್ಲು ಮುಟ್ಟೋ ಹಾಗಿಲ್ಲ ಅಂತ. ನಲವತ್ತು ವರ್ಷ ಕಣಮ್ಮಾ. ರಸ್ತೇಲಿ, ಹೋಟ್ಲಲ್ಲಿ, ‘ಸಾರ್, ಒಂದ್ಸಲ ಆ ನಗು ತೋರ್ಸಿ ಸಾರ್.’ ನನ್ನ ಹೆಂಡ್ತಿ ಆಸ್ಪತ್ರೇಲಿ ಹೋದ್ಲು. ಇನ್ನೂ ಬಟ್ಟೆ ಮುಚ್ಚಿರ್ಲಿಲ್ಲ, ಫೋನ್ ಮಾಡೋಕೆ ಅಂತ ಕೆಳಗೆ ಬಂದೆ. ಗೇಟಿನ ಹತ್ರ ಒಬ್ಬ ಫೋನ್ ಹಿಡ್ಕೊಂಡು ಅದನ್ನೇ ಕೇಳ್ದ.”

“ಎರಡು ಬಾರಿಸ್ಬೇಕಿತ್ತು ಸಾರ್ ಅವನಿಗೆ!”

“ತೋರಿಸ್ದೆ” ಎಂದರು ನಟರು. “ನಕ್ಕೆ. ಅಭ್ಯಾಸ ನೋಡಿ. ಅವತ್ತು ಅಂದ್ಕೊಂಡೆ, ಈ ಹಲ್ಲು ಒಂದಿನ ಉದುರುತ್ತೆ, ಆಗ ನನಗೆ ಬೇಕಾದ ಬಾಯಿ ಇಟ್ಕೊಳ್ತೀನಿ ಅಂತ. ಉದುರ್ತು. ನೀವು ಮತ್ತೆ ತಂದು ಅಲ್ಲೇ ಇಟ್ರಿ.”

ಹಲ್ಲಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಗೇಟಿನ ಹತ್ತಿರ ನಿಂತಿದ್ದವನ ಮೇಲೆ ಬಂದ ಸಿಟ್ಟು ತಿರುಗಿ ಅವಳ ಮೇಲೆಯೇ ಬಂತು. ತನ್ನ ಕೈಯಲ್ಲಿ ಫೋನು ಇರಲಿಲ್ಲ, ಬಿಸಿ ಚಾಕು ಇತ್ತು, ಅಷ್ಟೇ ವ್ಯತ್ಯಾಸ. ಅವನು ಒಂದು ಸಲ ನಗಿಸಿದ, ತಾನೋ, ಅವರು ಸಾಯುವವರೆಗೂ ಹಾಗೇ ನಗುವಂತೆ ಬೇಯಿಸಿಟ್ಟಿದ್ದಳು. ಇಪ್ಪತ್ತೊಂಬತ್ತು ವರ್ಷದ ಕೆಲಸದ ಮರ್ಯಾದೆ ಕಳೆದೆಯಲ್ಲೇ ಮುಂಡೇದೆ ಎಂದು ಮನಸ್ಸಿನಲ್ಲೇ ತನ್ನನ್ನು ತಾನು ಬೈದುಕೊಂಡಳು.

“ತೆಗೀರಿ” ಎಂದು ಕೈ ಚಾಚಿದಳು. “ಎರಡೂವರೆ ಗಂಟೆ ಕೊಡಿ.”

“ಬೆಂದಿದೆಯಲ್ಲ. ಆಗಲ್ಲ ಅಂದ್ರು ನಿಮ್ಮ ಡಾಕ್ಟ್ರು.”

“ಅವರಿಗೆ ಆಗಲ್ಲ.”

ಬೆಂದ ಸೆಟ್ಟಿನಿಂದ ಮುಂದಿನ ಆರು ಹಲ್ಲು ಕೊರೆದು ತೆಗೆಯುವುದೆಂದರೆ ಹುಡುಗಾಟವಲ್ಲ. ಒಂದು ಚೂರು ಕೈ ಜಾರಿದರೆ ಅಂಗುಳಿನ ಪ್ಲಾಸ್ಟಿಕ್ಕು ಸೀಳುತ್ತದೆ, ಸೀಳಿದರೆ ಮತ್ತೆ ಅಚ್ಚಿನಿಂದ ಶುರು, ನಾಲ್ಕು ದಿನ. ಆರು ಗಂಟೆಯ ಕಥೆ ಅಲ್ಲಿಗೆ ಮುಗಿದಂತೆ. ಹಲ್ಲಕ್ಕ ಕನ್ನಡಕ ಏರಿಸಿ, ಕೊರೆಯುವ ಯಂತ್ರ ಹಾಕಿದಳು. ಗುಲಾಬಿ ಪುಡಿ ಹಾರಿ ನಟರ ತೊಡೆಯ ಮೇಲೆ ಬಿತ್ತು. ಅವರು ಹೊರಗೆ ಹೋಗಲಿಲ್ಲ. ಹೊರಗೆ ಬೆಂಚಿನ ಮೇಲೆ ಅಷ್ಟು ಫೋನುಗಳು ಕಾಯುತ್ತಿದ್ದವು. ಬಾಯಿಯಲ್ಲಿ ಹಲ್ಲಿಲ್ಲದ ಮುದುಕ, ಕೆನ್ನೆ ಒಳಕ್ಕೆ ಸೇರಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಮಧ್ಯದಲ್ಲಿ ಡಾಕ್ಟರು ಬಾಗಿಲು ತಳ್ಳಿ ತಲೆ ತೂರಿಸಿದರು. “ಅಕ್ಕಾ, ಇವತ್ತಿಗೆ ನಿಮ್ಮ ಕೆಲಸ—”

“ಆಮೇಲೆ ಬೈಯಿರಿ ಡಾಕ್ಟ್ರೇ! ಬೇಕಾದ್ರೆ ಕೆಲಸದಿಂದಾನೇ ತೆಗೀರಿ. ಈಗ ಬಾಗಿಲು ಹಾಕಿ!”

ಬಾಗಿಲು ಮುಚ್ಚಿತು. ಹೊಸ ಆರು ಹಲ್ಲು, ಒಂದಕ್ಕೊಂದು ಒತ್ತಿ, ಸಮವಾಗಿ. ಒಂದೊಂದು ಹಲ್ಲು ಕೂರಿಸುವಾಗಲೂ ಅವಳ ಕಣ್ಣು, ಬೇಡ ಕಣೇ, ಇದು ಅವರಲ್ಲ ಅನ್ನುತ್ತಿತ್ತು. ಸುಮ್ಮನಿರು ಎಂದು ಕಣ್ಣನ್ನೇ ಗದರಿಸಿದಳು. ತಾನಾಗಿ ಗಟ್ಟಿಯಾಗುವ ಪುಡಿ ಕಲಸಿ ತುಂಬಿದಳು, ಕಾದಳು, ಉಜ್ಜಿದಳು, ತೊಳೆದಳು.

ನಟರು ಹಾಕಿಕೊಂಡರು. ಅವಳು ತನ್ನ ಪರ್ಸಿನ ಸಣ್ಣ ಕನ್ನಡಿ ಕೊಟ್ಟಳು. ಅವರು ಬಹಳ ಹೊತ್ತು ನೋಡಿಕೊಂಡರು. ತುಟಿ ಎತ್ತಿದರು, ಪಕ್ಕಕ್ಕೆ ತಿರುಗಿದರು, “ಸಾಸಿವೆ, ಸೂಜಿ, ಸಂತೋಷ” ಎಂದು ಹೇಳಿ ನೋಡಿದರು. ಗಾಳಿ ತೂರಲಿಲ್ಲ.

“ಹೇಗಿದೆ?” ಎಂದು ಕೇಳಿದರು.

“ಕೂತಿದೆ. ಅಲುಗಲ್ಲ.”

“ಅದಲ್ಲ. ನೋಡೋಕೆ?”

ಹಲ್ಲಕ್ಕ ಕೈ ಒರೆಸಿಕೊಂಡಳು. ಸುಳ್ಳು ಹೇಳಬಹುದಿತ್ತು. “ನನಗೆ ಹಿಡಿಸ್ಲಿಲ್ಲ ಸಾರ್. ಆದ್ರೆ ನನ್ನ ಕೇಳ್ಬೇಡಿ. ನಿಮಗೆ ಹಿಡಿಸ್ತಾ?”

“ಹಿಡಿಸ್ತು.”

“ಹಾಗಾದ್ರೆ ಹೊರಡಿ. ನಾಲ್ಕಾಯ್ತು.”

ಬಾಗಿಲ ಹತ್ತಿರ ನಿಂತು ಅವರು ಹೇಳಿದರು, “ಕೈ ಒಳ್ಳೇದು ನಿಮ್ಮದು. ತಲೆ ಮಾತ್ರ ಅಭಿಮಾನಿಯದು.” ಥ್ಯಾಂಕ್ಸ್ ಅನ್ನಲಿಲ್ಲ, ನಗಲೂ ಇಲ್ಲ. ಫೋನುಗಳ ನಡುವೆ ತುಟಿ ಬಿಗಿದುಕೊಂಡು ನಡೆದು, ಕಾರು ಹತ್ತಿದರು. ಡಾಕ್ಟರು ಹಲ್ಲಕ್ಕನಿಗೆ ಬಾಯಿಗೆ ಬಂದಂತೆ ಬೈದು, ನಾಳೆ ಬೆಳಿಗ್ಗೆ ಮಾತಾಡೋಣ ಎಂದರು. ಅವಳು ಒಂದು ಮಾತೂ ಎದುರಾಡಲಿಲ್ಲ. ಅದನ್ನು ನೋಡಿ ಕೌಂಟರಿನವಳಿಗೇ ಹೆದರಿಕೆಯಾಯಿತು.

ಆರಕ್ಕೆ ಅವಳು ಮನೆಯಲ್ಲಿ ಟೀವಿಯ ಮುಂದೆ ಚೀಲವನ್ನೂ ಕೆಳಗಿಡದೆ ಕೂತಿದ್ದಳು. ಗಂಡ ಪಕ್ಕದಲ್ಲಿ ಗ್ರೀಸು ಹತ್ತಿದ ಉಗುರು ಕೆರೆಯುತ್ತಿದ್ದ. ನಟರು ವೇದಿಕೆ ಹತ್ತಿದರು, ಕೈ ಮುಗಿದರು, ಬಾಯಿ ತುಂಬ ನಕ್ಕರು. ಸಭೆಯಲ್ಲಿ ಒಂದು ಕ್ಷಣ ಚಪ್ಪಾಳೆ ತಡವರಿಸಿತು. ನಿರೂಪಕ ಮೈಕು ಹಿಡಿದು, “ಸಾರ್, ನಮ್ಮ ಆ ನಗು ಎಲ್ಲಿ ಸಾರ್? ನಮಗೆ ಅದು ಬೇಕು!” ಎಂದ. ಜನ ಹೋ ಎಂದರು, ಸಿಳ್ಳೆ ಹೊಡೆದರು, “ಬೇಕು! ಬೇಕು!” ಎಂದು ಕೂಗಿದರು.

“ಬಾಯಿ ಮುಚ್ರೋ!” ಎಂದು ಹಲ್ಲಕ್ಕ ಟೀವಿಗೆ ಕಿರುಚಿದಳು.

ನಟರು ತುಟಿ ಮುಚ್ಚಲಿಲ್ಲ. ಕೂಗು ನಿಲ್ಲುವವರೆಗೆ ಹಾಗೇ ನಗುತ್ತ ನಿಂತಿದ್ದು, ಆಮೇಲೆ ಮಾತು ಶುರು ಮಾಡಿದರು.

ಗಂಡ ಕತ್ತು ಮುಂದೆ ಚಾಚಿ ನೋಡಿದ. “ಇದೇನೇ, ಯಾರೋ ಬೇರೆಯವರ ಥರ ಕಾಣ್ತಾರೆ! ಹಳೇದೇ ಚೆನ್ನಾಗಿತ್ತು ಕಣೇ.”

“ಹೌದ್ರೀ, ಚೆನ್ನಾಗಿತ್ತು” ಎಂದಳು ಹಲ್ಲಕ್ಕ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. “ನಮಗೆ ಚೆನ್ನಾಗಿತ್ತು. ಈಗ ಸುಮ್ನೆ ಕೂತು ಅವರು ಏನ್ ಹೇಳ್ತಾರೆ ಅಂತ ಕೇಳಿ.”