ಆಸರಿಗೆ ಕೊಡಿಸಿದ ಬ್ರದರ್

ನಮ್ಮ ಬ್ರದರ್ ಅವರ ಮೀಸೆಯ ಎರಡೂ ಬದಿ ಒಂದೇ ಅಳತೆಗೆ ಇದ್ದದ್ದನ್ನು ನಾನು ಕಂಡೇ ಇಲ್ಲ. ಒಂದು ವಾರ ಎಡಗಡೆ ಮೋಟಾಗಿ ಬಲಗಡೆ ತುಟಿಗೆ ಇಳಿದಿರುತ್ತಿತ್ತು, ಇನ್ನೊಂದು ವಾರ ನಟ್ಟನಡುವೆ ಇಲಿ ಕಡಿದಂಥ ಸಂದಿ. ಆ ಮೀಸೆಯನ್ನು ಕತ್ತರಿಸುತ್ತಿದ್ದವರು ನಾವು. ತಲೆಗೆ ಪೆಟ್ಟಾಗಿ ಕೈಯ ಹಿಡಿತ ತಪ್ಪಿದ ನಮ್ಮಂಥವರ ಎದುರಿಗೆ ಬ್ರದರ್ ಸ್ಟೂಲು ಎಳೆದುಕೊಂಡು ಕೂತು, ತುದಿ ಮೊಂಡಾದ ಸಣ್ಣ ಕತ್ತರಿ ಕೈಗಿಟ್ಟು, "ಹೂಂ, ಚೂರು ಟ್ರಿಮ್ ಮಾಡಿ ನೋಡುವ" ಎಂದು ಮುಖ ಮುಂದೆ ಮಾಡುತ್ತಿದ್ದರು. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ. ನಮ್ಮ ಮೇಲೆ ನಂಬಿಕೆ ಇತ್ತು, ಆದರೆ ಮನುಷ್ಯ ಪೆದ್ದರಲ್ಲ.

ಎನ್.ಆರ್.ಪುರದಿಂದ ಸ್ವಲ್ಪ ಆಚೆಗಿದ್ದ ಮನೆ ಅದು. ಮಿದುಳಿಗೆ ಏಟು ಬಿದ್ದವರನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೆಲವು ತಿಂಗಳು ಇರಿಸಿಕೊಂಡು, ನಡೆಯುವುದು, ಉಣ್ಣುವುದು, ಮಾತಾಡುವುದು ಎಲ್ಲವನ್ನೂ ಮತ್ತೆ ಮೊದಲಿಂದ ಕಲಿಸುತ್ತಿದ್ದರು. ಗಂಡು ನರ್ಸುಗಳನ್ನು ನಮ್ಮ ಕಡೆ ಬ್ರದರ್ ಎಂದೇ ಕರೆಯುವುದು. ಇವರು ಸೀತೂರಿನವರು, ಐವತ್ತು ದಾಟಿದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಆದರೂ ಕೋಣೆಯ ಬಾಗಿಲು ತೆರೆದೇ ಇದ್ದರೂ ಬೆರಳಲ್ಲಿ ತಟ್ಟಿ, "ಬರ್ಲಾ ಕಂಡಕ್ಟ್ರೇ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ನಾನು ತಲೆ ಆಡಿಸುವವರೆಗೆ ಹೊಸಿಲ ಆಚೆಯೇ ನಿಂತಿರುತ್ತಿದ್ದರು.

ನಾನು ಕೊಪ್ಪ–ಶೃಂಗೇರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಬಾಯೇ ನನ್ನ ಬಂಡವಾಳ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, "ಮುಂದೆ ಹೋಗಿ, ಮುಂದೆ ಹೋಗಿ, ಅಲ್ಲಿ ಮದುವೆ ಮಾಡುವಷ್ಟು ಜಾಗ ಇದೆ" ಎಂದು ಕೂಗಿ ಇನ್ನೂ ಹತ್ತು ಜನರನ್ನು ತುರುಕುತ್ತಿದ್ದ ಆಸಾಮಿ. ಒಂದು ದಿನ ಟಾಪಿನ ಮೇಲೆ ಮೂಟೆ ಕಟ್ಟಿ ಇಳಿಯುವಾಗ ಏಣಿಯಲ್ಲಿ ಕಾಲು ಜಾರಿತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು. ಆದರೆ ಹೇಳಬೇಕಾದ ಮಾತು ನಾಲಿಗೆಯ ಬುಡದವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ನಾನು ಅದನ್ನು ಎಳೆದು ತರುವಷ್ಟರಲ್ಲಿ ಸುತ್ತ ಇದ್ದವರು, "ನೀರಾ? ಕಾಫಿಯಾ? ಮಲಗ್ತೀರಾ?" ಎಂದು ಮುಗಿಬೀಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು, ಪಾಪ. ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು.

ಆ ಸಿಟ್ಟೂ ಪೆಟ್ಟಿನದೇ ಒಂದು ಭಾಗ ಎಂದು ಡಾಕ್ಟರು ನನ್ನ ಹೆಂಡತಿಗೆ ಬಿಡಿಸಿ ಹೇಳಿದ್ದರು. ಅವಳಿಗೆ ಅರ್ಥವೂ ಆಗಿತ್ತು. ಆದರೆ ಅರ್ಥವಾದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಅವಳ ಎದುರಿಗೇ ಒಮ್ಮೆ ನನ್ನ ಊಟದ ತಟ್ಟೆ ಗೋಡೆಗೆ ಹೋಗಿ ಬಡಿದಿತ್ತು. ಆಮೇಲೆ ನನ್ನನ್ನು ನೋಡಲು ಬಂದಾಗಲೆಲ್ಲ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದಳು. ಒಂದು ಸಲ ನನ್ನ ಭಾವಮೈದ ನನ್ನೆದುರೇ ಬ್ರದರಿಗೆ, "ಇವ್ರನ್ನ ಇನ್ನು ಇಲ್ಲೇ ಎಲ್ಲಾದ್ರೂ ಇಡೋದೇ ಒಳ್ಳೇದು. ಅಕ್ಕನ ಕೈಲಿ ಸುಧಾರಿಸಕ್ಕೆ ಆಗಲ್ಲ" ಎಂದ. ಬ್ರದರ್ ಅವನನ್ನೊಮ್ಮೆ ನೋಡಿ, "ಅವ್ರು ಇಲ್ಲೇ ಇದಾರಲ್ಲ ಮಾರಾಯ್ರೆ. ಅವ್ರನ್ನೇ ಕೇಳಿ" ಎಂದರು. ಭಾವಮೈದ ಕೇಳಲಿಲ್ಲ. ಹೆಂಡತಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನನ್ನ ಜೀವ ಹಾರಿಹೋಗಿದ್ದು ಆಗ. ಬಸ್ಸು ಹೋದರೆ ಹೋಗಲಿ, ಅವಳೇ ನನ್ನನ್ನು ಮನೆಗೆ ಕರೆಯದಿದ್ದರೆ ಏನು ಮಾಡುವುದು?

ಬ್ರದರ್ ಸಾಧು ಸಂತ ಏನಲ್ಲ. ಚೌಕಾಬಾರದಲ್ಲಿ ನಾಚಿಕೆಯಿಲ್ಲದೆ ಮೋಸ ಮಾಡುತ್ತಿದ್ದರು. ನಾವು ಕಣ್ಣು ಆಚೆ ಮಾಡಿದರೆ ಅವರ ಕಾಯಿ ಎರಡು ಮನೆ ಮುಂದೆ ಹೋಗಿ ಕೂತಿರುತ್ತಿತ್ತು. ಆ ಮನೆಗೆ ಬಂದ ಮೇಲೆ ನಾನು ತಡವರಿಸದೆ ಆಡಿದ ಮೊದಲ ಮಾತೇ "ಬ್ರದರ್, ಆ ಕಾಯಿ ಅಲ್ಲಿರ್ಲಿಲ್ಲ" ಎಂಬುದು. ಅವರು ಕಾಯಿಯನ್ನು ಹಿಂದಕ್ಕಿಟ್ಟು, "ಅಂತೂ ಬಾಯಿ ಬಿಟ್ರಿ" ಎಂದು ನಕ್ಕರು. ಅದು ಚಿಕಿತ್ಸೆಯೋ ಅವರ ಹುಟ್ಟುಗುಣವೋ ನನಗೆ ಈಗಲೂ ಗೊತ್ತಿಲ್ಲ. ಎರಡನೆಯದೇ ಇರಬೇಕು ಎಂದು ನನ್ನ ಅನುಮಾನ.

ಆದರೆ ಒಂದು ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಮನೆಗೆ ಬಂದವರಿಗೆ ನಾವು ಮೊದಲು ಆಸರಿಗೆ ಕೊಡುತ್ತೇವೆ, ನೀರು ಬೆಲ್ಲವೋ ಕಾಫಿಯೋ. ಅಲ್ಲಿಯೂ ಅದೇ ಕ್ರಮ ನಡೆಯಬೇಕು, ಕೊಡುವವರು ನಾವೇ ಆಗಬೇಕು ಎಂಬುದು ಅವರ ಹಟ. "ನೋಡಕ್ಕೆ ಬಂದವ್ರು ನಿಮ್ಮ ನೆಂಟ್ರು, ನನ್ನ ನೆಂಟ್ರಲ್ಲ. ನಾನ್ಯಾಕೆ ಕೊಡ್ಲಿ?" ಎನ್ನುತ್ತಿದ್ದರು. ಬಂದ ನೆಂಟರಿಗೆ ಇದು ದೊಡ್ಡ ಸಂಕಟ. ಕಾಯಿಲೆಯವನ ನಡುಗುವ ಕೈಯಿಂದ ಲೋಟ ತೆಗೆದುಕೊಂಡು ಕುಡಿಯುವುದುಂಟೇ ಎಂದು ಎದ್ದು ಬಂದು ಕಸಿದುಕೊಳ್ಳುತ್ತಿದ್ದರು.

ನನ್ನ ಸರದಿಯ ಭಾನುವಾರವೂ ಹಾಗೇ ಆಯಿತು. ಊಟದ ಹಾಲಿನಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಲೋಟಗಳನ್ನು ಟ್ರೇಯಲ್ಲಿಟ್ಟು, ಕಾಲು ಎಳೆಯುತ್ತ ಹೆಂಡತಿಯ ಕಡೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಭಾವಮೈದ ಹಾರಿ ಬಂದು, "ಅಯ್ಯೋ ನೀವ್ ಕೂತ್ಕಳಿ ಭಾವ, ನಿಮಗ್ಯಾಕೆ ಇದೆಲ್ಲ" ಎಂದು ಟ್ರೇ ಹಿಡಿದು ಎಳೆದ. ಲೋಟಗಳು ಉರುಳಿದವು. ಬಿಸಿ ಕಾಫಿ ನನ್ನ ಕೈ ಮೇಲೆ, ಪಂಚೆ ಮೇಲೆ. ಆ ಸಿಟ್ಟು ಬಂತು ನೋಡಿ. ಟ್ರೇಯನ್ನು ಕಿತ್ತುಕೊಂಡು ಹೊಡೆಯಲು ಎತ್ತಿಬಿಟ್ಟಿದ್ದೆ. ಹೆಂಡತಿ ಕುರ್ಚಿಯಿಂದ ಎದ್ದು ಬಾಗಿಲಿಗೆ ಕೈ ಹಾಕಿದ್ದು ಕಂಡಿತು.

ಬ್ರದರ್ ಅಲ್ಲೇ ಕಿಟಕಿಯ ಹತ್ತಿರ ಇದ್ದರು. ಓಡಿ ಬಂದು ನನ್ನ ಕೈ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಭಾವಮೈದನಿಗೆ: "ಟ್ರೇ ಅವ್ರಿಗೇ ಬಿಡಿ. ನೀವು ಅವ್ರಲ್ಲಿಗೆ ಬಂದವ್ರು. ಹೋಗಿ ಕೂತ್ಕಳಿ." ಆಮೇಲೆ ನನ್ನನ್ನು ನೋಡುತ್ತ ನಿಂತರು. ಆ ನೋಟದಲ್ಲಿ ಗದರಿಕೆ ಇರಲಿಲ್ಲ, ಅಯ್ಯೋ ಪಾಪ ಎಂಬುದಂತೂ ಇರಲೇ ಇಲ್ಲ. ಈ ಮನುಷ್ಯ ಈಗ ಟ್ರೇ ಇಳಿಸುತ್ತಾನೆ ಎಂದು ಅವರಿಗೆ ಖಾತ್ರಿ ಇದ್ದ ಹಾಗಿತ್ತು. ಎಷ್ಟು ಹೊತ್ತಾಯಿತೋ, ಸಿಟ್ಟು ಇಳಿಯಿತು. ಟ್ರೇಯೂ ಇಳಿಯಿತು.

ಮತ್ತೆ ಕಾಫಿ ಬಗ್ಗಿಸಿದೆ. ಈ ಸಲ ಒಂದೇ ಲೋಟ. ಹೆಂಡತಿಯ ಎದುರಿಗೆ ನಿಂತು, "ಬಿಸಿ... ಬಿಸಿ ಇದೆ. ನಿಧಾನ" ಎಂದೆ. ಅವಳು ನಿಂತೇ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದಳು. ನನ್ನ ಮುಖ ನೋಡಿದಳು. "ಸಕ್ಕರೆ ಕಮ್ಮಿ" ಎಂದಳು.

ಮದುವೆಯಾದಾಗಿನಿಂದ ಅವಳು ನನ್ನ ಮೇಲೆ ಹೇಳಿದ ದೂರುಗಳಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ. ಪೆಟ್ಟು ಬಿದ್ದಾಗಿನಿಂದ ಅವಳು ನನ್ನೆದುರು ಒಂದೂ ಎದುರುಮಾತು ಆಡಿರಲಿಲ್ಲ. ನಾನು ನಕ್ಕೆ, ಅವಳು ಅತ್ತಳು. ಹೊರಡುವಾಗ ಅವಳು ಬ್ರದರನ್ನು ಕೇಳಲಿಲ್ಲ, ನನ್ನನ್ನೇ ಕೇಳಿದಳು: "ಮನೆಗೆ ಯಾವಾಗ ಬರ್ತೀರಿ?"

ಮಳೆಗಾಲ ಹಿಡಿಯುವ ಮೊದಲೇ ಮನೆಗೆ ಬಂದೆ. ಈಗ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಕೆಲಸ ಮಾಡುತ್ತೇನೆ, ಬಸ್ಸು ಹೊರಡುವ ಮೊದಲು ಊರುಗಳ ಹೆಸರು ಕೂಗುತ್ತೇನೆ. ಕೆಲವು ಊರು ಬಾಯಿಗೆ ಬರುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತದೆ. ಡ್ರೈವರುಗಳು ತಮಾಷೆ ಮಾಡುತ್ತಾರೆ, ನಾನೂ ಬಿಡುವುದಿಲ್ಲ. ಬ್ರದರ್ ಆಗಾಗ ಫೋನ್ ಮಾಡುತ್ತಿದ್ದರು. ನಾನು ಮಾತು ಹುಡುಕುವಾಗ ಆ ಕಡೆಯಿಂದ ಅವರ ಉಸಿರು ಮಾತ್ರ ಕೇಳುತ್ತಿತ್ತು, ಅವಸರ ಕೇಳುತ್ತಿರಲಿಲ್ಲ.

ಹೋದ ವರ್ಷ ಅವರ ಹೃದಯ ನಿಂತಿತು. ಸುದ್ದಿ ತಿಳಿದು ಸೀತೂರಿಗೆ ನಾವಿಬ್ಬರೂ ಹೋದೆವು. ಚಾವಡಿಯ ತುಂಬ ಜನ. ಅವರ ಹೆಂಡತಿ ನನ್ನನ್ನು ನೋಡಿ, "ನೀವ್ ಯಾರಂತ ಗೊತ್ತಾಗ್ಲಿಲ್ಲ" ಎಂದರು. ಹೇಳಬೇಕಾದದ್ದು ಎದೆ ತುಂಬ ಇತ್ತು, ನಾಲಿಗೆಗೆ ಬರಲಿಲ್ಲ. ಪಕ್ಕದವರು ಶುರು ಮಾಡಿದರು: "ಆಸ್ಪತ್ರೆಯವ್ರಾ? ಕೊಪ್ಪದ ನೆಂಟ್ರಾ?"

ನನ್ನ ಹೆಂಡತಿ ನನ್ನ ಪಕ್ಕಕ್ಕೆ ಸರಿದು ನಿಂತಳು. "ಸ್ವಲ್ಪ ಇರಿ," ಎಂದಳು ಅವರಿಗೆ, "ಇವ್ರೇ ಹೇಳ್ತಾರೆ."

ಎಲ್ಲರೂ ಕಾದರು.

"ನನ್ನನ್ನ," ಎಂದೆ, "ಇವಳ ಹತ್ರ... ಮನೆಗೆ ಕಳ್ಸಿದ್ದು, ಅವ್ರು."